ಹಿರಿಯರಿಗೆ ಹೆಚ್ಚುವರಿ ಆರೋಗ್ಯ ವಿಮೆ: ಮೊತ್ತಕ್ಕಿಂತ ಮೊದಲು ನೋಡಬೇಕಾದ್ದು ಕೊರತೆ

2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹೆಸರು ದೇಶದೆಲ್ಲೆಡೆ ಕೇಳಿಬಂದದ್ದು ಹೃದಯಾಘಾತದ ಸಾವುಗಳಿಂದಾಗಿ. ರಾಜ್ಯ ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ರಚಿಸಿತು. ಸಮಿತಿ ಪರಿಶೀಲಿಸಿದ 24 ಸಾವುಗಳ ಪೈಕಿ 20 ಹೃದಯ ಸಂಬಂಧಿ ಎಂದೂ, ಹಿಂದಿನ ಅವಧಿಗೆ ಹೋಲಿಸಿದರೆ ಅಸಹಜ ಏರಿಕೆ ಕಂಡಿಲ್ಲವೆಂದೂ ಜುಲೈನಲ್ಲಿ ವರದಿ ತಿಳಿಸಿತು. ಅಷ್ಟರಲ್ಲಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿ ನಿಂತಿದ್ದರು. ಆ ಭೀತಿ ಈಗ ಇಳಿದಿದೆ. ಆದರೆ ಅದು ಮನೆಮನೆಯಲ್ಲಿ ಎತ್ತಿದ ಇನ್ನೊಂದು ಪ್ರಶ್ನೆ ಹಾಗೆಯೇ ಉಳಿದಿದೆ: ಮನೆಯ ಹಿರಿಯರು ನಾಳೆ ಆಸ್ಪತ್ರೆ ಸೇರಿದರೆ ಖರ್ಚು ಯಾರದು, ಕೈಯಲ್ಲಿರುವ ಕಾರ್ಡು ಎಷ್ಟು ದೂರ ನಡೆಯುತ್ತದೆ, ಅದರ ಮೇಲೊಂದು ವಿಮೆ ಬೇಕೇ?

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಮಟ್ಟಿಗೆ ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ದುಡಿಯುವ ವಯಸ್ಸಿನ ಮಕ್ಕಳು ಬೆಂಗಳೂರು, ಮೈಸೂರುಗಳಲ್ಲಿದ್ದು, ತಂದೆತಾಯಿ ಊರಿನ ಮನೆಯಲ್ಲಿ ತೋಟ, ದನಕರು ನೋಡಿಕೊಂಡಿರುವ ಕುಟುಂಬಗಳು ಇಲ್ಲಿ ಸಾಮಾನ್ಯ. ವಿಮೆಯ ಹಣ ಕಟ್ಟುವವರು ನಗರದಲ್ಲಿ, ಆಸ್ಪತ್ರೆ ಸೇರಬೇಕಾದವರು ತಾಲ್ಲೂಕಿನಲ್ಲಿ. ಹೀಗಾಗಿ ಪಾಲಿಸಿ ಆಯ್ಕೆಯಾಗುವುದು ಬಹುಮಟ್ಟಿಗೆ ನಗರದ ಲೆಕ್ಕದಲ್ಲಿ. ಮಾರಾಟಗಾರ ‘10 ಲಕ್ಷವೇ, 20 ಲಕ್ಷವೇ’ ಎಂದು ಕೇಳುತ್ತಾನೆ; ಮಗ ತನ್ನ ಸಂಬಳಕ್ಕೆ ಹೊಂದುವಷ್ಟು ಮೊತ್ತ ಹೇಳುತ್ತಾನೆ. ತಂದೆತಾಯಿಯ ಬಳಿ ಈಗಾಗಲೇ ಯಾವ ರಕ್ಷಣೆಯಿದೆ, ಅದು ಎಲ್ಲಿ ತುಂಡಾಗುತ್ತದೆ ಎಂಬ ವಿಚಾರ ಬರುವುದೇ ಇಲ್ಲ. ‘ಹೆಚ್ಚುವರಿ’ ವಿಮೆ ಯಾವುದಕ್ಕೆ ಹೆಚ್ಚುವರಿ ಎಂಬುದು ಗೊತ್ತಿಲ್ಲದೆ ಕೊಂಡದ್ದು ಬೇಕಾದಾಗ ಕೈಕೊಡುವುದೇ ಹೆಚ್ಚು.

ಮೊದಲ ಪದರ ಯಾವುದು?

ರಾಜ್ಯದಲ್ಲಿ ಹಿರಿಯರಿಗೆ ಮೊದಲ ಪದರವಾಗಿ ನಿಂತಿರುವುದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ. 2018ರ ಮಾರ್ಚ್‌ನಲ್ಲಿ ಆರಂಭವಾದ ಆರೋಗ್ಯ ಕರ್ನಾಟಕ ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಕೇಂದ್ರದ ಯೋಜನೆಯೊಂದಿಗೆ ಕೂಡಿಕೊಂಡಿತು. ಸುಮಾರು 1,650 ಬಗೆಯ ಚಿಕಿತ್ಸೆಗಳು ಇದರ ಪಟ್ಟಿಯಲ್ಲಿವೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಮಾತ್ರ ಲೆಕ್ಕವೇ ಬೇರೆ: ನಿಗದಿತ ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಭರಿಸುತ್ತದೆ, ಅದೂ ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯೊಳಗೆ. ಅಂದರೆ 1 ಲಕ್ಷ ರೂಪಾಯಿ ದರದ ಶಸ್ತ್ರಚಿಕಿತ್ಸೆಗೆ ಬಿಪಿಎಲ್ ಕುಟುಂಬ ಏನನ್ನೂ ಕೊಡಬೇಕಿಲ್ಲ. ಪಕ್ಕದ ಮನೆಯ ಎಪಿಎಲ್ ಕುಟುಂಬ 70 ಸಾವಿರ ರೂಪಾಯಿ ಹೊಂದಿಸಬೇಕು.

ಈ ಎರಡು ಕುಟುಂಬಗಳ ನಡುವಿನ ಗೆರೆ ಪಡಿತರ ಚೀಟಿ. ವಾರ್ಷಿಕ 1.20 ಲಕ್ಷ ರೂಪಾಯಿ ಆದಾಯದ ಮಿತಿ ಮೀರಿದವರು, ಆದಾಯ ತೆರಿಗೆ ಪಾವತಿದಾರರು, ಸರ್ಕಾರಿ ನೌಕರರು ಬಿಪಿಎಲ್ ಪಟ್ಟಿಯಲ್ಲಿರಬಾರದೆಂಬ ಕಾರಣಕ್ಕೆ 2024ರ ನವೆಂಬರ್‌ನಲ್ಲಿ ರಾಜ್ಯದಾದ್ಯಂತ ಕಾರ್ಡುಗಳ ಪರಿಷ್ಕರಣೆ ನಡೆದು, ಅರ್ಹರ ಕಾರ್ಡುಗಳೂ ರದ್ದಾದವೆಂಬ ದೂರುಗಳು ಎದ್ದು, ಸರ್ಕಾರ ಅವನ್ನು ಮರಳಿಸುವ ಭರವಸೆ ನೀಡಬೇಕಾಯಿತು. ಆಗಿನ ಚರ್ಚೆಯೆಲ್ಲ ಅಕ್ಕಿಯ ಸುತ್ತಲೇ ನಡೆಯಿತು. ಬಿಪಿಎಲ್ ಕಾರ್ಡು ಎಪಿಎಲ್ ಆದಾಗ ಹಿರಿಯರು ಕಳೆದುಕೊಳ್ಳುವುದು ಅಕ್ಕಿಯನ್ನಷ್ಟೇ ಅಲ್ಲ, 5 ಲಕ್ಷದ ಚಿಕಿತ್ಸಾ ರಕ್ಷಣೆಯನ್ನೂ ಎಂಬ ಅಂಶಕ್ಕೆ ಅಷ್ಟು ಗಮನ ಸಿಗಲಿಲ್ಲ. ಆದ್ದರಿಂದ ಹೆಚ್ಚುವರಿ ವಿಮೆಯ ಮಾತಿಗೆ ಮುನ್ನ ಕುಟುಂಬ ಮಾಡಬೇಕಾದ ಮೊದಲ ಕೆಲಸ ವಿಮಾ ಕಚೇರಿಯಲ್ಲಲ್ಲ, ಗ್ರಾಮ ಒನ್ ಕೇಂದ್ರದಲ್ಲಿದೆ. ಪಡಿತರ ಚೀಟಿ ಚಾಲ್ತಿಯಲ್ಲಿದೆಯೇ, ಹಿರಿಯರ ಹೆಸರು ಅದರಲ್ಲಿ ಉಳಿದಿದೆಯೇ, ಆಯುಷ್ಮಾನ್ ಕಾರ್ಡು ಮಾಡಿಸಲಾಗಿದೆಯೇ ಎಂದು ನೋಡುವುದು.

ಎರಡನೆಯ ಪದರ ಸಹಕಾರ ಸಂಘಗಳ ಸದಸ್ಯರಿಗೆ ಇರುವ ಯಶಸ್ವಿನಿ. 2003ರಲ್ಲಿ ತಿಂಗಳಿಗೆ 5 ರೂಪಾಯಿ ಲೆಕ್ಕದಲ್ಲಿ ಆರಂಭವಾಗಿ ದೇಶದ ಗಮನ ಸೆಳೆದ ಈ ಯೋಜನೆ 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಯಿತು. ರೈತರ ಒತ್ತಾಯದ ಮೇಲೆ ಮರುಜೀವ ಪಡೆದು 2023ರ ಜನವರಿಯಿಂದ ಮತ್ತೆ ಜಾರಿಗೆ ಬಂತು. ಮರು ಆರಂಭವಾದಾಗ ನಾಲ್ವರ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ನಗರದ ಕುಟುಂಬಕ್ಕೆ 1,000 ರೂಪಾಯಿ ವಂತಿಗೆ ನಿಗದಿಯಾಗಿತ್ತು. ಚಿಕಿತ್ಸೆಯ ಮಿತಿ 5 ಲಕ್ಷ ರೂಪಾಯಿ. ಹಾಲು ಉತ್ಪಾದಕರ ಸಂಘ, ಕೃಷಿ ಪತ್ತಿನ ಸಂಘಗಳು ಹಳ್ಳಿಹಳ್ಳಿಗೂ ಇರುವ ಹಾಸನ ಜಿಲ್ಲೆಯಲ್ಲಿ ಎಪಿಎಲ್ ಕಾರ್ಡು ಹೊಂದಿದ ಸಣ್ಣ ರೈತ ಕುಟುಂಬಗಳಿಗೆ ಇದಕ್ಕಿಂತ ಅಗ್ಗದ ರಕ್ಷಣೆ ಇನ್ನೊಂದಿಲ್ಲ. ನೋಂದಣಿ ವರ್ಷವಿಡೀ ತೆರೆದಿರುವುದಿಲ್ಲ ಎಂಬುದನ್ನು ನೆನಪಿಡಬೇಕು. ಅವಧಿ ಮೀರಿದರೆ ಆ ವರ್ಷಕ್ಕೆ ಬಾಗಿಲು ಮುಚ್ಚಿದಂತೆಯೇ.

ಎಪ್ಪತ್ತರ ಆಚೆ, ಎಪ್ಪತ್ತರ ಈಚೆ

ಆದಾಯದ ಮಿತಿಯಿಲ್ಲದೆ 70 ವರ್ಷ ದಾಟಿದ ಎಲ್ಲರಿಗೂ 5 ಲಕ್ಷ ರೂಪಾಯಿ ಚಿಕಿತ್ಸೆ ನೀಡುವ ನಿರ್ಧಾರವನ್ನು ಕೇಂದ್ರ ಸಚಿವ ಸಂಪುಟ 2024ರ ಸೆಪ್ಟೆಂಬರ್ 11ರಂದು ಕೈಗೊಂಡಿತು. ಅಕ್ಟೋಬರ್ 29ರಂದು ‘ಆಯುಷ್ಮಾನ್ ವಯ ವಂದನಾ’ ಹೆಸರಿನಲ್ಲಿ ಕಾರ್ಡು ಬಿಡುಗಡೆಯಾಯಿತು. ಈಗಾಗಲೇ ಆಯುಷ್ಮಾನ್ ವ್ಯಾಪ್ತಿಯಲ್ಲಿರುವ ಕುಟುಂಬದ ಹಿರಿಯರಿಗೆ ಮನೆಯ ಉಳಿದವರೊಂದಿಗೆ ಹಂಚಿಕೊಳ್ಳಬೇಕಿಲ್ಲದ ಪ್ರತ್ಯೇಕ 5 ಲಕ್ಷ. ಉಳಿದವರಿಗೆ ಕುಟುಂಬದ ಹಿರಿಯರೆಲ್ಲ ಸೇರಿ 5 ಲಕ್ಷ. ಖಾಸಗಿ ವಿಮೆ ಇರುವವರೂ ಅರ್ಹರು. ಕೇಂದ್ರ ಸರ್ಕಾರಿ ನೌಕರರ ಅಥವಾ ಮಾಜಿ ಸೈನಿಕರ ಆರೋಗ್ಯ ಯೋಜನೆಯಲ್ಲಿರುವವರು ಮಾತ್ರ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಕಾಗದದ ಮೇಲೆ ಇದು ದೊಡ್ಡ ರಕ್ಷಣೆ. ಆದರೆ ಈ ಯೋಜನೆ ಜಾರಿಯಾಗುವುದು ರಾಜ್ಯಗಳ ಮೂಲಕ, ವೆಚ್ಚ ಹಂಚಿಕೆಯಾಗುವುದು ಕೇಂದ್ರ ಮತ್ತು ರಾಜ್ಯದ ನಡುವೆ. ಖರ್ಚಿನ ಹೆಚ್ಚಿನ ಹೊರೆ ತನ್ನ ಮೇಲೆ ಬೀಳುತ್ತದೆಂಬ ಆಕ್ಷೇಪವನ್ನು ಕರ್ನಾಟಕ ಸರ್ಕಾರ ಎತ್ತಿತು. ಇತರ ಹಲವು ರಾಜ್ಯಗಳಲ್ಲಿ ನಡೆದಷ್ಟು ಬೇಗ ಇಲ್ಲಿ ಜಾರಿ ನಡೆಯಲಿಲ್ಲ. ದೆಹಲಿಯಲ್ಲಿ ಘೋಷಣೆಯಾದ ಯೋಜನೆ ಮೈಸೂರಿನ ಆಸ್ಪತ್ರೆಯ ಕಿಟಕಿಯಲ್ಲಿ ಸಲ್ಲುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಕಾರ್ಡು ಕೈಗೆ ಬಂದ ದಿನವೇ ಮನೆಯವರು ಸಾಮಾನ್ಯವಾಗಿ ಹೋಗುವ ಎರಡು ಮೂರು ಆಸ್ಪತ್ರೆಗಳಲ್ಲಿ ಅದನ್ನು ತೋರಿಸಿ ವಿಚಾರಿಸಿಕೊಳ್ಳುವುದು, ಕಾಯಿಲೆ ಬಂದಾಗ ಕೇಳುವುದಕ್ಕಿಂತ ಮೇಲು.

ಇಷ್ಟೆಲ್ಲ ಪದರಗಳ ನಡುವೆ ತೀರ ಬಯಲಲ್ಲಿ ನಿಂತಿರುವವರು 60ರಿಂದ 69 ವರ್ಷದ ಎಪಿಎಲ್ ಹಿರಿಯರು. ನಿವೃತ್ತ ಖಾಸಗಿ ನೌಕರರು, ಅಂಗಡಿ ನಡೆಸಿ ಮಕ್ಕಳಿಗೆ ಬಿಟ್ಟುಕೊಟ್ಟವರು, ನಾಲ್ಕೈದು ಎಕರೆ ತೋಟದವರು ಈ ಗುಂಪಿನವರು. ಬಡವರ ಯೋಜನೆಗೆ ಇವರು ಸಿರಿವಂತರು. ಬೆಂಗಳೂರಿನ ಖಾಸಗಿ ಆಸ್ಪತ್ರೆಯ ಬಿಲ್ಲಿನ ಮುಂದೆ ಬಡವರು. ಹೆಚ್ಚುವರಿ ವಿಮೆಯ ಚರ್ಚೆ ನಿಜವಾಗಿ ಬೇಕಿರುವುದು ಇವರಿಗೆ.

ಮೇಲ್ಮಾಳಿಗೆ ಕೊಂಡು ನೆಲಮಾಳಿಗೆ ಮರೆತರೆ

ಈಚಿನ ವರ್ಷಗಳಲ್ಲಿ ‘ಸೂಪರ್ ಟಾಪ್ ಅಪ್’ ಪಾಲಿಸಿಗಳು ಜನಪ್ರಿಯವಾಗಿವೆ. ಕಾರಣ ಸರಳ: ಕಂತು ಕಡಿಮೆ, ಮೊತ್ತ ದೊಡ್ಡದು. ಕಂತು ಏಕೆ ಕಡಿಮೆ ಎಂಬುದನ್ನು ತಿಳಿಯಬೇಕು. ಈ ಪಾಲಿಸಿಗಳಿಗೆ ಒಂದು ಹೊಸ್ತಿಲಿರುತ್ತದೆ. 5 ಲಕ್ಷದ ಹೊಸ್ತಿಲಿನ 10 ಲಕ್ಷದ ಪಾಲಿಸಿಯೆಂದರೆ, ಮೊದಲ 5 ಲಕ್ಷದ ಖರ್ಚನ್ನು ವಿಮಾ ಕಂಪನಿ ಮುಟ್ಟುವುದಿಲ್ಲ. ಅದನ್ನು ದಾಟಿದ ಮೇಲಿನ 10 ಲಕ್ಷ ಮಾತ್ರ ಅದರ ಹೊಣೆ. ಟಾಪ್ ಅಪ್ ಮತ್ತು ಸೂಪರ್ ಟಾಪ್ ಅಪ್ ನಡುವಿನ ವ್ಯತ್ಯಾಸವೂ ಇಲ್ಲಿಯೇ ಇದೆ. ಒಂದೇ ವರ್ಷದಲ್ಲಿ ಹಿರಿಯರು ಎರಡು ಬಾರಿ ಆಸ್ಪತ್ರೆ ಸೇರಿ, ಒಮ್ಮೆ 4 ಲಕ್ಷ, ಇನ್ನೊಮ್ಮೆ 3 ಲಕ್ಷ ಖರ್ಚಾಯಿತೆನ್ನೋಣ. ಸಾಮಾನ್ಯ ಟಾಪ್ ಅಪ್ ಪ್ರತಿ ದಾಖಲಾತಿಯನ್ನೂ ಬೇರೆಯಾಗಿ ನೋಡುವುದರಿಂದ ಬಿಡಿಗಾಸೂ ಬರುವುದಿಲ್ಲ. ಸೂಪರ್ ಟಾಪ್ ಅಪ್ ವರ್ಷದ ಒಟ್ಟು 7 ಲಕ್ಷವನ್ನು ಲೆಕ್ಕಕ್ಕೆ ಹಿಡಿದು 2 ಲಕ್ಷ ಕೊಡುತ್ತದೆ. ಮೇಲಿಂದ ಮೇಲೆ ಆಸ್ಪತ್ರೆ ಸೇರುವ ಸಂಭವ ಹೆಚ್ಚಿರುವ ಹಿರಿಯರಿಗೆ ಎರಡನೆಯದೇ ಸೂಕ್ತ.

ಸರ್ಕಾರದ 5 ಲಕ್ಷ ಕೆಳಗಿದೆ, ಅದರ ಮೇಲೆ ಸೂಪರ್ ಟಾಪ್ ಅಪ್ ಕೂರಿಸಿದರಾಯಿತು ಎಂಬ ವಾದ ಕೇಳಲು ಚೆಂದ. ವಾಸ್ತವದಲ್ಲಿ ಎರಡೂ ಒಂದೇ ಗೋಡೆಯ ಇಟ್ಟಿಗೆಗಳಲ್ಲ. ಸರ್ಕಾರಿ ಯೋಜನೆ ನೋಂದಾಯಿತ ಆಸ್ಪತ್ರೆಯಲ್ಲಿ, ಪಟ್ಟಿಯಲ್ಲಿರುವ ಚಿಕಿತ್ಸೆಗೆ, ನಿಗದಿತ ಪ್ಯಾಕೇಜ್ ದರದಲ್ಲಿ ಮಾತ್ರ ನಡೆಯುತ್ತದೆ. ತುರ್ತು ಸಂದರ್ಭ ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವೂ ಬೇಕು. ಪ್ಯಾಕೇಜ್ ದರದಲ್ಲಿ ಚಿಕಿತ್ಸೆ ಪಡೆದವರ ಖರ್ಚು ಹೊಸ್ತಿಲು ಮುಟ್ಟುವುದು ಅಪರೂಪ. ಯೋಜನೆಯ ಹೊರಗಿನ ಆಸ್ಪತ್ರೆಗೆ ಹೋದರೆ ಸರ್ಕಾರದ ಹಣ ಬರುವುದಿಲ್ಲ; ಆಗ ಮೊದಲ 5 ಲಕ್ಷ ಪೂರ್ತಿಯಾಗಿ ಕುಟುಂಬದ ಕೈಯಿಂದ ಹೋಗಬೇಕು. ಹಾಗಾಗಿ ಕೆಳಗೆ ಬೇರೆ ಪಾಲಿಸಿಯಾಗಲಿ, ಠೇವಣಿಯಾಗಲಿ ಇಲ್ಲದೆ ಸೂಪರ್ ಟಾಪ್ ಅಪ್ ಒಂದನ್ನೇ ಕೊಳ್ಳುವುದು ನೆಲಮಾಳಿಗೆಯಿಲ್ಲದೆ ಮೇಲ್ಮಾಳಿಗೆ ಕಟ್ಟಿದಂತೆ. 60ರ ಆಸುಪಾಸಿನ ಎಪಿಎಲ್ ಹಿರಿಯರಿಗೆ 3ರಿಂದ 5 ಲಕ್ಷದ ಮೂಲ ಪಾಲಿಸಿ, ಅದೇ ಮೊತ್ತದ ಹೊಸ್ತಿಲಿನ ಸೂಪರ್ ಟಾಪ್ ಅಪ್, ಈ ಜೋಡಿಯೇ ಹೆಚ್ಚು ಭದ್ರ.

ಬಿಪಿಎಲ್ ಹಿರಿಯರ ಕೊರತೆ ಬೇರೆ ಬಗೆಯದು. ಅವರಿಗೆ ಶಸ್ತ್ರಚಿಕಿತ್ಸೆಯ ಖರ್ಚು ಯೋಜನೆಯಲ್ಲಿ ಬರುತ್ತದೆ. ಬಾರದಿರುವುದು ಜೊತೆಗಿರುವವರ ಊಟ ವಸತಿ, ವಾಹನ, ಕೂಲಿ ತಪ್ಪಿದ ದಿನಗಳು, ಮನೆಗೆ ಬಂದ ಮೇಲಿನ ಮಾತ್ರೆಗಳು. ಅರಕಲಗೂಡಿನಿಂದ ಹಾಸನ ಸುಮಾರು 30 ಕಿಲೋಮೀಟರ್. ಅಲ್ಲಿಂದ ಮೈಸೂರು ಸುಮಾರು 120, ಬೆಂಗಳೂರು 180ಕ್ಕೂ ಹೆಚ್ಚು. ಹೊಳೆನರಸೀಪುರಕ್ಕೆ ಮೈಸೂರಿನ ರೈಲಿದೆ, ಚನ್ನರಾಯಪಟ್ಟಣಕ್ಕೆ 2017ರಿಂದ ಬೆಂಗಳೂರಿನ ರೈಲೂ ಇದೆ. ಅರಕಲಗೂಡಿಗೆ ರೈಲೇ ಇಲ್ಲ. ಇಂಥ ಕುಟುಂಬಕ್ಕೆ 10 ಲಕ್ಷದ ಟಾಪ್ ಅಪ್ ಮಾರುವುದು ಹಸಿದವನಿಗೆ ಕೊಡೆ ಕೊಟ್ಟಂತೆ. ಆಸ್ಪತ್ರೆಯಲ್ಲಿ ಕಳೆದ ಪ್ರತಿ ದಿನಕ್ಕೆ, ಬಿಲ್ಲು ಎಷ್ಟೇ ಇರಲಿ, ನಿಗದಿತ ಮೊತ್ತ ನೀಡುವ ದಿನಭತ್ಯೆ ಪಾಲಿಸಿ ಅವರ ಅಗತ್ಯಕ್ಕೆ ಹೆಚ್ಚು ಹತ್ತಿರ. ಅದಕ್ಕೂ ವಯಸ್ಸಿನ ಮಿತಿ, ಆರಂಭದ ದಿನ ಲೆಕ್ಕಕ್ಕೆ ಹಿಡಿಯದಿರುವುದು ಮೊದಲಾದ ಷರತ್ತುಗಳಿರುತ್ತವೆ. ಅದು ಸಿಗದಿದ್ದರೆ ಆಸ್ಪತ್ರೆಗೆಂದೇ ಬೇರೆಯಾಗಿಟ್ಟ ಸಣ್ಣ ಉಳಿತಾಯವೂ ಅದೇ ಕೆಲಸ ಮಾಡುತ್ತದೆ.

ಹೆಸರುಗಳ ಗೊಂದಲ

ಹೆಸರುಗಳು ಹೋಲುವುದರಿಂದಲೂ ಹಿರಿಯರು ಮೋಸ ಹೋಗುತ್ತಾರೆ. ಬ್ಯಾಂಕು ವರ್ಷಕ್ಕೆ 20 ರೂಪಾಯಿ ಕಡಿತ ಮಾಡಿಕೊಳ್ಳುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಪಘಾತ ವಿಮೆಯೇ ಹೊರತು ಚಿಕಿತ್ಸೆಯ ವಿಮೆಯಲ್ಲ. ಅದು 70 ವರ್ಷಕ್ಕೆ ಮುಗಿಯುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ 2020ರ ಏಪ್ರಿಲ್‌ನಲ್ಲಿ ಎಲ್ಲ ಕಂಪನಿಗಳಿಗೂ ಕಡ್ಡಾಯ ಮಾಡಿದ ‘ಆರೋಗ್ಯ ಸಂಜೀವನಿ’ ಎಂಬ ಏಕರೂಪದ ಪಾಲಿಸಿಗೂ, ರಾಜ್ಯ ಸರ್ಕಾರಿ ನೌಕರರ ಆರೋಗ್ಯ ಸಂಜೀವಿನಿ ಯೋಜನೆಗೂ ಸಂಬಂಧವಿಲ್ಲ.

ಪ್ರಾಧಿಕಾರದ ಈ ಏಕರೂಪದ ಪಾಲಿಸಿ ಇತರ ಪಾಲಿಸಿಗಳನ್ನು ಅಳೆಯಲು ಒಳ್ಳೆಯ ಅಳತೆಗೋಲು. ಅದರಲ್ಲಿ ಪ್ರತಿ ಕ್ಲೇಮಿನ ಶೇ 5ರಷ್ಟನ್ನು ವಿಮೆದಾರರೇ ಭರಿಸಬೇಕು. ಕೊಠಡಿ ಬಾಡಿಗೆ ವಿಮಾ ಮೊತ್ತದ ಶೇ 2, ಗರಿಷ್ಠ ದಿನಕ್ಕೆ 5,000 ರೂಪಾಯಿ. ಕಣ್ಣಿನ ಪೊರೆಗೆ ಒಂದು ಕಣ್ಣಿಗೆ ಗರಿಷ್ಠ 40 ಸಾವಿರ ರೂಪಾಯಿ. ಹಿರಿಯರಿಗೆಂದೇ ಮಾರುವ ಕೆಲವು ಪಾಲಿಸಿಗಳಲ್ಲಿ ವಿಮೆದಾರರ ಪಾಲು ಇದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ಕಂತು ಅಗ್ಗವೆಂದು ಕಂಡ ಪಾಲಿಸಿಯಲ್ಲಿ ಮೊದಲು ಹುಡುಕಬೇಕಾದ್ದು ಈ ಅಂಕಿಯನ್ನು. ಕೊಠಡಿ ಬಾಡಿಗೆಯ ಮಿತಿಯೂ ಅಷ್ಟೇ ಮುಖ್ಯ. 5,000 ರೂಪಾಯಿ ಮಿತಿಯಿದ್ದು 10,000 ರೂಪಾಯಿಯ ಕೊಠಡಿ ಹಿಡಿದರೆ ಬಾಡಿಗೆಯ ವ್ಯತ್ಯಾಸವನ್ನಷ್ಟೇ ಅಲ್ಲ, ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕ ಮೊದಲಾದವುಗಳ ಅರ್ಧವನ್ನೂ ಕೈಯಿಂದ ಕೊಡಬೇಕಾಗಬಹುದು.

ನಿಯಮ ಬದಲಾಗಿದೆ, ವಯಸ್ಸು ಕಾಯುವುದಿಲ್ಲ

ಕಾನೂನಿನ ಮಟ್ಟಿಗೆ ಹಿರಿಯರ ಸ್ಥಿತಿ ಹಿಂದಿಗಿಂತ ಉತ್ತಮವಾಗಿದೆ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಕಂಪನಿಗಳು ಎಲ್ಲ ವಯಸ್ಸಿನವರಿಗೂ ಪಾಲಿಸಿ ರೂಪಿಸಬೇಕು; 65ರ ಗಡಿ ಈಗ ಇಲ್ಲ. ಮೊದಲೇ ಇರುವ ಕಾಯಿಲೆಗಳಿಗೆ ಕಾಯುವ ಅವಧಿ ಗರಿಷ್ಠ 4 ವರ್ಷದಿಂದ 3 ವರ್ಷಕ್ಕೆ ಇಳಿದಿದೆ. ಸತತ 5 ವರ್ಷ ಪಾಲಿಸಿ ನಡೆದ ಮೇಲೆ, ವಂಚನೆ ಸಾಬೀತಾದ ಹೊರತು, ಮಾಹಿತಿ ಮುಚ್ಚಿಟ್ಟಿರಿ ಎಂದು ಕ್ಲೇಮು ನಿರಾಕರಿಸುವಂತಿಲ್ಲ. ಮೊದಲು ಇದು 8 ವರ್ಷವಿತ್ತು. ನಗದುರಹಿತ ಚಿಕಿತ್ಸೆಯ ಮನವಿಗೆ 1 ಗಂಟೆಯೊಳಗೆ, ಬಿಡುಗಡೆಯ ಅನುಮತಿಗೆ 3 ಗಂಟೆಯೊಳಗೆ ಕಂಪನಿ ಉತ್ತರಿಸಬೇಕು. ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚಿಸುವ ಮುನ್ನ ಪ್ರಾಧಿಕಾರವನ್ನು ಸಂಪರ್ಕಿಸಬೇಕೆಂದು 2025ರ ಜನವರಿ 30ರಂದು ಆದೇಶವಾಗಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿದ್ದ ಶೇ 18ರ ಜಿಎಸ್‌ಟಿಯೂ ರದ್ದಾಗಿದೆ.

ಆದರೆ ಪಾಲಿಸಿ ರೂಪಿಸಬೇಕೆಂಬ ನಿಯಮ, ಕೇಳಿದ ಪ್ರತಿಯೊಬ್ಬರಿಗೂ ಕೊಡಲೇಬೇಕೆಂಬ ನಿಯಮವಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹಿಂದಿನ ಹೃದಯ ಚಿಕಿತ್ಸೆ ನೋಡಿ ಕಂಪನಿ ನಿರಾಕರಿಸಬಹುದು, ಕಂತು ಏರಿಸಬಹುದು. ಅಮೆರಿಕದಲ್ಲಿ 65 ತುಂಬಿ ಸರ್ಕಾರದ ಮೆಡಿಕೇರ್ ಸೇರಿದ ನಾಗರಿಕರಿಗೆ ಮೊದಲ 6 ತಿಂಗಳು ಅದರ ಪೂರಕ ವಿಮೆಯನ್ನು ಕಾಯಿಲೆಯ ನೆಪವೊಡ್ಡಿ ನಿರಾಕರಿಸುವಂತಿಲ್ಲ. ಆ ಪೂರಕ ಪಾಲಿಸಿಗಳು ಬಹುತೇಕ ರಾಜ್ಯಗಳಲ್ಲಿ ಅಕ್ಷರಗಳಿಂದ ಗುರುತಿಸಿದ ಏಕರೂಪದವು. ಅಲ್ಲಿ ಮೊದಲ ಪದರ ಎಲ್ಲರಿಗೂ ಒಂದೇ ಆದ್ದರಿಂದ ಕೊರತೆ ಎಲ್ಲಿದೆಯೆಂಬುದೂ ಎಲ್ಲರಿಗೂ ಗೊತ್ತು. ಇಲ್ಲಿ ಅಂಥ ಖಾತರಿಯ ಬಾಗಿಲು ಯಾವ ವಯಸ್ಸಿನಲ್ಲೂ ತೆರೆಯುವುದಿಲ್ಲ. 58ರಲ್ಲಿ ಸುಲಭವಾಗಿ ಸಿಗುವ ಪಾಲಿಸಿ 68ರಲ್ಲಿ ಸಿಗದೆ ಹೋಗಬಹುದು. ಹೃದಯಾಘಾತದ ನಂತರ ವಿಮೆ ಹುಡುಕುವುದು ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ.

ಮಕ್ಕಳ ಕಂಪನಿಯ ಗುಂಪು ವಿಮೆಯನ್ನೇ ನಂಬಿ ಕುಳಿತವರ ಅಪಾಯವೂ ಇದೇ. ತಂದೆತಾಯಿಯ ಹೆಸರು ಸೇರಿಸುವ ಅವಕಾಶವಿದ್ದರೆ ಅದು ಬಹಳ ಉಪಯುಕ್ತ. ಕಾಯುವ ಅವಧಿಯ ತೊಡಕು ಅಲ್ಲಿ ಕಡಿಮೆ. ಆದರೆ ಉದ್ಯೋಗ ಹೋದ ದಿನ ವಿಮೆಯೂ ಹೋಗುತ್ತದೆ. ಕೆಲಸ ಬಿಡುವ ಮುನ್ನವೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ ಕೋರಿದರೆ ಅದುವರೆಗಿನ ವರ್ಷಗಳ ಲೆಕ್ಕ ಉಳಿಯುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ.

ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸುವುದು ಜಾಣತನವಲ್ಲ. ‘ಬಿಪಿ ಮಾತ್ರೆ ಬರೆಯುವುದು ಬೇಡ, ಕಂತು ಹೆಚ್ಚಾಗುತ್ತದೆ’ ಎಂಬ ಸಲಹೆಯ ಬೆಲೆ ತೆರುವವರು ಏಜೆಂಟರಲ್ಲ, ಹಿರಿಯರು. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಅದನ್ನು ಓದಿ, ಒಪ್ಪಿಗೆಯಾಗದಿದ್ದರೆ ಹಿಂತಿರುಗಿಸುವ ಹಕ್ಕಿದೆ. ಕ್ಲೇಮು ಅನ್ಯಾಯವಾಗಿ ತಿರಸ್ಕೃತವಾದರೆ ಮೊದಲು ಕಂಪನಿಗೆ ಲಿಖಿತ ದೂರು. 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ, ಒಂದು ವರ್ಷದೊಳಗೆ. ಅದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯಗಳನ್ನು ಅಲ್ಲಿ ತೀರ್ಮಾನಿಸಬಹುದು.

ಕೃಷಿ ಕುಟುಂಬಗಳಿಗೆ ಇನ್ನೊಂದು ಮಾತು ಸಲ್ಲುತ್ತದೆ. ಸಂಬಳದಾರರಂತೆ ಇವರಿಗೆ ತಿಂಗಳ ಕೊನೆಗೆ ಹಣ ಬರುವುದಿಲ್ಲ. ಅರಕಲಗೂಡು ಸೀಮೆಯ ತಂಬಾಕು ಬೆಳೆಗಾರರಿಗೆ ಹರಾಜಿನ ತಿಂಗಳುಗಳಲ್ಲಿ, ಚನ್ನರಾಯಪಟ್ಟಣದವರಿಗೆ ಕೊಬ್ಬರಿ ಮಾರಿದಾಗ, ಹೊಳೆನರಸೀಪುರದ ಗದ್ದೆಯವರಿಗೆ ಭತ್ತದ ಸುಗ್ಗಿಯಲ್ಲಿ ಕೈ ತುಂಬುತ್ತದೆ. ನವೀಕರಣದ ದಿನಾಂಕ ಆ ತಿಂಗಳಿಗೆ ಹೊಂದುವಂತೆ ಪಾಲಿಸಿ ಆರಂಭಿಸಿದರೆ ಕಂತು ತಪ್ಪುವ ಭಯವಿರುವುದಿಲ್ಲ. ನವೀಕರಣ ತಪ್ಪಿದರೆ ಕಾದ ವರ್ಷಗಳೆಲ್ಲ ನೀರಿನಲ್ಲಿ ಹೋಮ.

ಸರ್ಕಾರದ ಪಾಲಿನ ಕೆಲಸ

ಆಯ್ಕೆಯ ಹೊಣೆಯನ್ನೆಲ್ಲ ಕುಟುಂಬದ ಹೆಗಲಿಗೆ ಹಾಕುವುದೂ ನ್ಯಾಯವಲ್ಲ. ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2006ರಲ್ಲಿ ಆರಂಭವಾದ ಮೇಲೆ ಜಿಲ್ಲಾ ಕೇಂದ್ರದಲ್ಲಿ ಬೋಧನಾ ಆಸ್ಪತ್ರೆಯಿದೆ; ಉಳಿದ ಮೂರು ತಾಲ್ಲೂಕು ಕೇಂದ್ರಗಳಲ್ಲೂ ಸಾರ್ವಜನಿಕ ಆಸ್ಪತ್ರೆಗಳಿವೆ. ಹೃದಯಾಘಾತದ ಮೊದಲ ಗಂಟೆಯಲ್ಲೇ ರಕ್ತ ಹೆಪ್ಪುಗಟ್ಟುವಿಕೆ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೆ ವಿಸ್ತರಿಸುವುದಾಗಿ 2025ರ ಜುಲೈನಲ್ಲಿ ಆರೋಗ್ಯ ಇಲಾಖೆ ಪ್ರಕಟಿಸಿತು. ಆ ಒಂದು ಚುಚ್ಚುಮದ್ದು ತಾಲ್ಲೂಕಿನಲ್ಲೇ ಸಮಯಕ್ಕೆ ಸಿಕ್ಕರೆ ಉಳಿಯುವ ಜೀವಕ್ಕೆ ಯಾವ ಪಾಲಿಸಿಯೂ ಸಮನಲ್ಲ. ಅದರ ಜೊತೆಗೆ, ಹಿರಿಯರ ಪಡಿತರ ಚೀಟಿ, ಯಶಸ್ವಿನಿ, ವಯ ವಂದನಾ ಇವುಗಳಲ್ಲಿ ಯಾವುದು ಯಾರಿಗೆ ಸಲ್ಲುತ್ತದೆ, ಜಿಲ್ಲೆಯ ಯಾವ ಆಸ್ಪತ್ರೆಯಲ್ಲಿ ಯಾವ ಚಿಕಿತ್ಸೆಗೆ ನಡೆಯುತ್ತದೆ ಎಂದು ಒಂದೇ ಕಡೆ ಕನ್ನಡದಲ್ಲಿ ತಿಳಿಸುವ ವ್ಯವಸ್ಥೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಇರಬೇಕು. ಅದಕ್ಕೆ ದೊಡ್ಡ ಅನುದಾನ ಬೇಡ; ಒಂದು ಮೇಜು, ತಿಳಿದ ಒಬ್ಬ ಸಿಬ್ಬಂದಿ ಸಾಕು.

ಅಂಥ ಮೇಜು ಬರುವವರೆಗೆ ಲೆಕ್ಕ ಹಾಕಬೇಕಾದವರು ಮನೆಯವರೇ. ಬಿಪಿಎಲ್ ಕುಟುಂಬ ಕಾರ್ಡನ್ನು ಜೋಪಾನ ಮಾಡಿಕೊಂಡು ದಿನದ ಖರ್ಚಿಗೆ ಹಣ ಕಾದಿಡಲಿ. ಸಹಕಾರ ಸಂಘದ ಸದಸ್ಯರು ಯಶಸ್ವಿನಿಯ ನೋಂದಣಿ ತಪ್ಪಿಸದಿರಲಿ. 60ರ ಆಸುಪಾಸಿನ ಎಪಿಎಲ್ ಹಿರಿಯರು ಆರೋಗ್ಯವಿರುವಾಗಲೇ ಮೂಲ ಪಾಲಿಸಿ ಮಾಡಿಸಿ, ಆಮೇಲೆ ಅದರ ಮೇಲೆ ಸೂಪರ್ ಟಾಪ್ ಅಪ್ ಕೂರಿಸಲಿ. 70 ದಾಟಿದವರು ಹೊಸ ಕಾರ್ಡು ಆಸ್ಪತ್ರೆಯಲ್ಲಿ ಸಲ್ಲುವುದು ಖಚಿತವಾಗುವವರೆಗೆ ಹಳೆಯ ಪಾಲಿಸಿಯನ್ನು ಕೈಬಿಡದಿರಲಿ. ಎಷ್ಟು ಲಕ್ಷದ ವಿಮೆ ಎಂಬ ಪ್ರಶ್ನೆ ಇವೆಲ್ಲದರ ನಂತರದ್ದು.